ಪಾಲೋ, ದಾನವೋ?

ಒಂದು ಸಣ್ಣ ಪ್ರಶ್ನೆಯಿಂದ ಆರಂಭಿಸೋಣ. ಯಾರೋ ನಿಮ್ಮ ಕೈಗೆ ಒಂದಿಷ್ಟು ಹಣವನ್ನಿತ್ತು ಹೀಗೆನ್ನುತ್ತಾರೆ: “ಇದರಲ್ಲಿ ನಿಮ್ಮ ಊರಿನ ಇನ್ನೊಬ್ಬರಿಗೆ ಎಷ್ಟು ಕೊಡಬೇಕೆಂಬುದನ್ನು ನೀವೇ ತೀರ್ಮಾನಿಸಿ. ಅವರಾರೆಂದು ನಿಮಗೆ ತಿಳಿಯದು, ನೀವಾರೆಂದು ಅವರಿಗೂ ತಿಳಿಯದು. ನೀವು ಕೊಟ್ಟದ್ದನ್ನು ಅವರು ಒಪ್ಪಿದರೆ ಇಬ್ಬರಿಗೂ ಅವರವರ ಪಾಲು. ಒಲ್ಲೆನೆಂದರೆ ಇಬ್ಬರಿಗೂ ಏನೂ ಇಲ್ಲ.” ನೀವು ಎಷ್ಟು ಕೊಡುವಿರಿ?

ಲೆಕ್ಕ ಬಲ್ಲವನ ಉತ್ತರ ಸರಳ. ತೀರಾ ಕಡಿಮೆ ಕೊಟ್ಟರೂ ಸಾಕು. ಬರಿಗೈಗಿಂತ ಅಷ್ಟಾದರೂ ಲಾಭವೆಂದು ಎದುರಿನವನು ಒಪ್ಪಿಯಾನು. ಆದರೆ ಮನುಷ್ಯರು ಹಾಗೆ ನಡೆದುಕೊಳ್ಳುವುದಿಲ್ಲ. ಮಾನವಶಾಸ್ತ್ರಜ್ಞರೂ ಅರ್ಥಶಾಸ್ತ್ರಜ್ಞರೂ ಕೂಡಿ ಜಗತ್ತಿನ 15 ಸಣ್ಣ ಸಮಾಜಗಳಲ್ಲಿ ಈ ಪರೀಕ್ಷೆಯನ್ನು ನಡೆಸಿ 2001ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಪೆರು ದೇಶದ ಕಾಡಿನಲ್ಲಿ ಪ್ರತಿ ಕುಟುಂಬವೂ ತನ್ನಷ್ಟಕ್ಕೆ ತಾನು ಬದುಕುವ ಮಚಿಗುವೆಂಗಾ ಜನರು ಸರಾಸರಿ ನೂರಕ್ಕೆ 26ರಷ್ಟನ್ನು ಕೊಟ್ಟರು. ಇಂಡೋನೇಷ್ಯಾದ ಲಾಮಲೆರಾ ಎಂಬ ಕಡಲತೀರದ ಹಳ್ಳಿಯವರು ಕೊಟ್ಟದ್ದು ನೂರಕ್ಕೆ 58. ಅಂದರೆ ತಮಗಿಟ್ಟುಕೊಂಡದ್ದಕ್ಕಿಂತ ಹೆಚ್ಚನ್ನು ಮುಖ ಕಾಣದವನಿಗೆ ಕೊಟ್ಟರು. ಆ ಹದಿನೈದು ಸಮಾಜಗಳಲ್ಲಿ ಇದಕ್ಕಿಂತ ಹೆಚ್ಚು ಕೊಟ್ಟವರಿಲ್ಲ. ಒಂದು ಮಾತನ್ನು ಇಲ್ಲಿಯೇ ಹೇಳಿಬಿಡಬೇಕು: ಲಾಮಲೆರಾದಲ್ಲಿ ಹಣವನ್ನು ಬಳಸಲಿಲ್ಲ. ಜೂಜಿನಂತೆ ಕಂಡೀತೆಂದು ಸಿಗರೇಟಿನ ಪೊಟ್ಟಣಗಳನ್ನು ಬಳಸಿದರು! ಪರೀಕ್ಷೆಯ ಗಾಂಭೀರ್ಯ ಅದರಿಂದ ಕಡಿಮೆಯಾಗಿಲ್ಲವೆಂದೇ ನನ್ನ ಭಾವನೆ.

ಈ ಹಳ್ಳಿಯಿರುವ ಪ್ರಾಂತ್ಯದ ಹೆಸರು ಪೂರ್ವ ನುಸಾ ತೆಂಗಾರಾ. ‘ನುಸಾ’ ಎಂದರೆ ದ್ವೀಪ, ‘ತೆಂಗಾರಾ’ ಎಂದರೆ ಆಗ್ನೇಯ. 1958ರಲ್ಲಿ ರಚನೆಗೊಂಡ ಈ ಪ್ರಾಂತ್ಯದಲ್ಲಿ ಫ್ಲೋರೆಸ್, ಸುಂಬಾ, ತಿಮೋರಿನ ಪಶ್ಚಿಮ ಭಾಗ, ಅಲೋರ್, ಲೆಂಬಾಟಾ ಮೊದಲಾದ ನೂರಾರು ದ್ವೀಪಗಳಿವೆ. ರಾಜಧಾನಿ ಕುಪಾಂಗ್ ನಗರಕ್ಕೆ ಜಕಾರ್ತಾಕ್ಕಿಂತ ಆಸ್ಟ್ರೇಲಿಯಾದ ಡಾರ್ವಿನ್ ಹತ್ತಿರ. ಇಂಡೋನೇಷ್ಯಾ ಎಂದೊಡನೆ ಕಣ್ಣಿಗೆ ಬರುವ ಹಸಿರು ಗದ್ದೆಗಳು ಇಲ್ಲಿ ವಿರಳ. ಮಳೆ ಸುಮಾರು ನಾಲ್ಕು ತಿಂಗಳು ಮಾತ್ರ. ಉಳಿದಂತೆ ಒಣ ಗಾಳಿ, ಜ್ವಾಲಾಮುಖಿ ಬೆಟ್ಟಗಳು, ಮೆಕ್ಕೆಜೋಳದ ಹೊಲಗಳು.

ಮುಸ್ಲಿಮರು ಬಹುಸಂಖ್ಯಾತರಾಗಿರುವ ಆ ದೇಶದಲ್ಲಿ ಕಥೋಲಿಕರೇ ಹೆಚ್ಚಿಗಿರುವ ಪ್ರಾಂತ್ಯವಿದು. ಹದಿನಾರನೆಯ ಶತಮಾನದಲ್ಲಿ ಶ್ರೀಗಂಧದ ವ್ಯಾಪಾರಕ್ಕೆಂದು ಪೋರ್ಚುಗೀಸರು ಬಂದರು. ಅವರೊಡನೆ ಡೊಮಿನಿಕನ್ ಗುರುಗಳೂ ಬಂದರು. ಮುಂದೆ ಡಚ್ಚರ ಕೈ ಮೇಲಾಗಿ, 1859ರ ಒಪ್ಪಂದದಲ್ಲಿ ಪೋರ್ಚುಗೀಸರು ಫ್ಲೋರೆಸ್ ಮತ್ತು ಸೊಲೋರ್ ಪ್ರದೇಶಗಳನ್ನು ಬಿಟ್ಟುಕೊಟ್ಟರು. ನಡುವೆ ಗುರುಗಳಿಲ್ಲದೆ ಕಳೆದ ದೀರ್ಘ ಕಾಲದಲ್ಲಿ ಲರಾಂತುಕ ಪಟ್ಟಣದ ಶ್ರೀಸಾಮಾನ್ಯರೇ ಒಂದು ಭ್ರಾತೃಸಂಘದ ಮೂಲಕ ಜಪಸರವನ್ನೂ ಪವಿತ್ರ ವಾರದ ಮೆರವಣಿಗೆಯನ್ನೂ ಕಾಪಾಡಿಕೊಂಡರು. ಆ ಮೆರವಣಿಗೆ ಇಂದಿಗೂ ನಡೆಯುತ್ತಿದೆ. ಅದೇ ಒಂದು ಲೇಖನಕ್ಕೆ ತಕ್ಕ ವಿಷಯ. ಇಲ್ಲಿ ನಮ್ಮ ದಾರಿ ಬೇರೆ.

ಲಾಮಲೆರಾ ಲೆಂಬಾಟಾ ದ್ವೀಪದ ದಕ್ಷಿಣ ದಡದಲ್ಲಿದೆ. ಊರ ಹಿಂದೆ ಕಲ್ಲುಗುಡ್ಡ, ಮುಂದೆ ಆಳವಾದ ಸಾವು ಸಮುದ್ರ. ಉಳಲು ನೆಲವಿಲ್ಲ. ಹಾಗಾಗಿ ಈ ಜನ ಶತಮಾನಗಳಿಂದ ಕಡಲನ್ನೇ ಉತ್ತು ಬದುಕಿದ್ದಾರೆ. ಅವರು ಬೇಟೆಯಾಡುವುದು ಹದಿನೈದು ಮೀಟರಿನಷ್ಟು ಉದ್ದ ಬೆಳೆಯಬಲ್ಲ, ಹಲ್ಲುಳ್ಳ ಸ್ಪರ್ಮ್ ತಿಮಿಂಗಿಲವನ್ನು. ‘ತೆನಾ’ ಎಂದು ಕರೆಯುವ ಅವರ ದೋಣಿಗೆ ಕಬ್ಬಿಣದ ಮೊಳೆಯಿಲ್ಲ. ಮರದ ಗೂಟಗಳಿಂದಲೇ ಹಲಗೆಗಳನ್ನು ಕೂಡಿಸುತ್ತಾರೆ. ಪರಂಪರೆಯ ಹಾಯಿಯನ್ನು ಹೆಣೆಯುವುದು ತಾಳೆಜಾತಿಯ ಮರದ ಗರಿಯಿಂದ. ದೋಣಿಯ ಮೂತಿಯಲ್ಲಿ ಚಾಚಿದ ಬಿದಿರಿನ ಅಟ್ಟಣೆಯ ಮೇಲೆ ‘ಲಾಮಾಫಾ’, ಅಂದರೆ ಈಟಿಗಾರ, ನಿಂತಿರುತ್ತಾನೆ. ತಿಮಿಂಗಿಲ ಹತ್ತಿರವಾದಾಗ ಅವನು ಈಟಿಯನ್ನು ಎಸೆಯುವುದಿಲ್ಲ. ಈಟಿಯೊಡನೆ ತಾನೇ ನೆಗೆದು, ತನ್ನ ದೇಹದ ಭಾರವನ್ನೆಲ್ಲ ಅದರ ಮೇಲೆ ಹೇರಿ ಇರಿದು, ನೀರಿಗೆ ಬೀಳುತ್ತಾನೆ. ಆಮೇಲೆ ಹಗ್ಗ ಹಿಡಿದವರ ಪಾಡು. ಗಾಯಗೊಂಡ ಪ್ರಾಣಿ ದೋಣಿಯನ್ನು ತಿಮೋರಿನತ್ತ ದಿನಗಟ್ಟಲೆ ಎಳೆದೊಯ್ದ ಪ್ರಸಂಗಗಳುಂಟು.

ಮೇ ತಿಂಗಳಿನಿಂದ ಅಕ್ಟೋಬರಿನವರೆಗೆ ಬೇಟೆಯ ಕಾಲ. ಮೇ ಆರಂಭದಲ್ಲಿ ಕಡಲತೀರದಲ್ಲಿ ಬಲಿಪೂಜೆ ನಡೆದು ದೋಣಿಗಳಿಗೆ ಆಶೀರ್ವಾದವಾಗುತ್ತದೆ. ಸಮುದ್ರದಲ್ಲಿ ಮಡಿದವರ ಆತ್ಮಗಳಿಗಾಗಿ ಪ್ರಾರ್ಥನೆ ಸಲ್ಲುತ್ತದೆ. ಇವೆಲ್ಲಕ್ಕಿಂತ ನನ್ನನ್ನು ತಡೆದು ನಿಲ್ಲಿಸಿದ್ದು ಅವರ ಇನ್ನೊಂದು ನಂಬಿಕೆ. ಮನೆಯಲ್ಲಿ, ಕುಲದಲ್ಲಿ ಜಗಳವನ್ನಿಟ್ಟುಕೊಂಡು ಕಡಲಿಗಿಳಿಯಬಾರದು. ಬೇಟೆ ಮತ್ತೆ ಮತ್ತೆ ತಪ್ಪಿದರೆ ಈಟಿಯ ಮೊನೆಯನ್ನಷ್ಟೇ ಅಲ್ಲ, ಮನೆಯ ಮನಸ್ತಾಪಗಳನ್ನೂ ಹುಡುಕುತ್ತಾರೆ. ಕಾಣಿಕೆಯನ್ನು ಪೀಠದ ಬಳಿಯೇ ಬಿಟ್ಟು ಮೊದಲು ಸಹೋದರನೊಡನೆ ರಾಜಿಯಾಗು ಎಂಬ ಪ್ರಭುವಿನ ಬೋಧನೆಯನ್ನು ನಾವು ಎಷ್ಟು ಭಾನುವಾರ ಕೇಳಿಲ್ಲ? ಕೇಳಿದ ಮೇಲೆ ಎದ್ದುಹೋಗಿ ರಾಜಿಯಾಗಿ ಬಂದವರನ್ನು ನಾನಂತೂ ಕಂಡಿಲ್ಲ.

ಇನ್ನು ಹಂಚಿಕೆಯ ಸಂಗತಿ. ದಡಕ್ಕೆ ಬಂದ ತಿಮಿಂಗಿಲ ಯಾರದು? ಇರಿದವನದೇ? ದೋಣಿಯೊಡೆಯನದೇ? ಅದರ ದೇಹದ ಒಂದೊಂದು ಭಾಗಕ್ಕೂ ಹಕ್ಕುದಾರರು ಮೊದಲೇ ಗೊತ್ತಾಗಿರುತ್ತಾರೆ. ಈಟಿಗಾರನಿಗೆ, ಹುಟ್ಟು ಹಾಕಿದವರಿಗೆ, ದೋಣಿಯ ಒಡೆತನವುಳ್ಳ ಕುಲದ ಸದಸ್ಯರಿಗೆ ಪಾಲು. ಅಂದು ಕಡಲಿಗಿಳಿಯದ ಬಡಗಿಗೂ, ಈಟಿಯ ಮೊನೆ ಬಡಿದ ಕಮ್ಮಾರನಿಗೂ, ಹಾಯಿ ಹೆಣೆದವನಿಗೂ ಪಾಲು. ಈ ಜನರ ಪೂರ್ವಿಕರು ಬೇರೆಡೆಯಿಂದ ವಲಸೆ ಬಂದವರು. ತಾವು ಬಂದಾಗ ಆ ನೆಲದಲ್ಲಿ ಆಗಲೇ ನೆಲೆಸಿದ್ದ ವಂಶಗಳಿಗೆ ಸ್ಪರ್ಮ್ ತಿಮಿಂಗಿಲದ ತಲೆಯಿಂದ ಇಂದಿಗೂ ಪಾಲು ಸಲ್ಲಿಸುತ್ತಾರೆ. ಶತಮಾನಗಳ ಹಿಂದಿನ ಆತಿಥ್ಯದ ಋಣವದು! ಹೀಗೆ ಪಾಲು ಪಡೆದವರು ಅದನ್ನು ಮತ್ತೆ ನಂಟರಿಗೆ, ನೆರೆಯವರಿಗೆ, ಗಂಡು ದಿಕ್ಕಿಲ್ಲದ ವಿಧವೆಯರ ಮನೆಗಳಿಗೆ ಹಂಚುತ್ತಾರೆ. ಉಳಿದ ಮಾಂಸವನ್ನು ಬಿದಿರಿನ ಗಳುಗಳ ಮೇಲೆ ಒಣಗಿಸಿ, ಹೆಂಗಸರು ತಲೆಯ ಮೇಲೆ ಹೊತ್ತು ಬೆಟ್ಟದ ಹಳ್ಳಿಗಳಿಗೂ ವುಲಂದೋನಿಯ ವಾರದ ಸಂತೆಗೂ ಹೋಗುತ್ತಾರೆ. ಕಾಸಿಲ್ಲದೆಯೇ ಮೆಕ್ಕೆಜೋಳ, ಬಾಳೆ, ಗೆಣಸಿಗೆ ವಿನಿಮಯ ಮಾಡಿಕೊಳ್ಳುತ್ತಾರೆ.

ಈಗ ನಮ್ಮ ಪ್ರಶ್ನೆಗೆ ಬರೋಣ. ಇದನ್ನು ಸದ್ಗುಣವೆನ್ನಬಹುದೇ? ಸಂಶಯವಾದಿಯೊಬ್ಬನು ಎದ್ದುನಿಂತು ಹೇಳಬಹುದು: “ಇದರಲ್ಲೇನು ಔದಾರ್ಯ? ಒಬ್ಬನೇ ತಿಮಿಂಗಿಲವನ್ನು ಹಿಡಿಯಲಾರ. ಇಂದು ಪಾಲು ಕೊಡದಿದ್ದರೆ ನಾಳೆ ದೋಣಿಗೆ ಜನ ಬರುವುದಿಲ್ಲ. ಆ ಬಿಸಿಲಿನಲ್ಲಿ ಟನ್‌ಗಟ್ಟಲೆ ಮಾಂಸವನ್ನು ಒಬ್ಬನೇ ಇಟ್ಟುಕೊಂಡು ಮಾಡುವುದಾದರೂ ಏನು? ಅವಶ್ಯಕತೆ ಕಲಿಸಿದ್ದನ್ನು ನೀವು ಧರ್ಮವೆಂದು ಹೊಗಳುತ್ತೀರಿ.” ಪರೀಕ್ಷೆ ನಡೆಸಿದ ವಿದ್ವಾಂಸರ ವಿವರಣೆಯೂ ಇದಕ್ಕೆ ದೂರವಿಲ್ಲ. ಜೀವನೋಪಾಯಕ್ಕೆ ಪರರ ಸಹಕಾರ ಎಷ್ಟು ಬೇಕೋ ಅಷ್ಟು ಸಮವಾಗಿ ಹಂಚುವ ರೂಢಿ ಬೆಳೆಯುತ್ತದೆ ಎಂದು ಅವರು ಕಂಡುಕೊಂಡರು.

ಈ ವಾದವನ್ನು ಸುಲಭವಾಗಿ ತಳ್ಳಿಹಾಕಲಾಗದು. ಆದರೆ ಅದರೊಳಗೆ ಒಂದು ಗ್ರಹಿಕೆ ಅಡಗಿದೆ: ಮನಸಾರೆ, ಸ್ವತಂತ್ರವಾಗಿ ಕೊಟ್ಟದ್ದು ಮಾತ್ರವೇ ಶ್ರೇಷ್ಠ, ಕೊಡಲೇಬೇಕಾದುದನ್ನು ಕೊಡುವುದರಲ್ಲಿ ಹೆಚ್ಚುಗಾರಿಕೆಯಿಲ್ಲ. ನಾವೆಲ್ಲರೂ ಇದನ್ನು ನಂಬಿದವರೇ. ಇದು ನಿಜವೇ ಎಂದು ನೋಡಲು ಅದೇ ಪ್ರಾಂತ್ಯದ ಸುಂಬಾ ದ್ವೀಪಕ್ಕೆ ಹೋಗಬೇಕು.

ಸುಂಬಾ ಬೃಹತ್ ಕಲ್ಲುಗೋರಿಗಳ, ಕುದುರೆಗಳ, ನೇಯ್ಗೆಯ ನಾಡು. ಜನರಲ್ಲಿ ಬಹುಪಾಲು ಇಂದು ಕ್ರೈಸ್ತರಾಗಿದ್ದರೂ ‘ಮರಾಪು’ ಎಂಬ ಪೂರ್ವಜಾರಾಧನೆಯ ಆಚಾರಗಳು ಜೀವಂತವಾಗಿವೆ. ಅಲ್ಲಿ ಸಾವು ಸಂಭವಿಸಿದರೆ ನೆಂಟರಿಷ್ಟರು ಎಮ್ಮೆಯನ್ನೋ ಕುದುರೆಯನ್ನೋ ಹಂದಿಯನ್ನೋ ತಂದೊಪ್ಪಿಸುತ್ತಾರೆ. ಪ್ರಾಣಿಗಳನ್ನು ಕಡಿದು ಮಾಂಸವನ್ನು ಹಂಚುತ್ತಾರೆ. ನೋಡಲು ಇದು ಕಾಣಿಕೆಯೇ. ಆದರೆ ಯಾರು ಏನು ತಂದರೆಂಬುದು ಎಲ್ಲರ ನೆನಪಿನಲ್ಲಿರುತ್ತದೆ. ಅವರ ಮನೆಯಲ್ಲಿ ಸಾವಾದಾಗ ಇವರು ಅದಕ್ಕೆ ಸಮನಾದುದನ್ನು ಹಿಂದಿರುಗಿಸಲೇಬೇಕು. ಮಕ್ಕಳ ಓದಿಗೆ ಬೇಕಾದ ಹಣವೂ ಈ ಸಾಲದ ಸರಪಳಿಗೆ ಹೋಗುವುದುಂಟು. ನಮ್ಮಲ್ಲಿ ಮದುವೆಯ ಮುಯ್ಯಿಯ ಪಟ್ಟಿಯನ್ನು ಬರೆದಿಟ್ಟುಕೊಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಸುಂಬಾದವರು ಕೆಟ್ಟವರೆಂದು ನಾನು ಹೇಳುತ್ತಿಲ್ಲ. ಆ ಕೊಡುಕೊಳ್ಳುವಿಕೆ ಕುಟುಂಬಗಳನ್ನು ಒಂದುಗೂಡಿಸುತ್ತದೆ ಎಂಬುದೂ ಸತ್ಯ. ಹಾಗೆ ಒಂದುಗೂಡಿಸುವ ಹಗ್ಗವೇ ಬಿಗಿಯುವ ಹಗ್ಗವೂ ಹೌದು. ಆ ಹದಿನೈದು ಸಮಾಜಗಳ ಪೈಕಿ ಪಪುವಾ ನ್ಯೂಗಿನಿಯ ಎರಡು ಸಮುದಾಯಗಳಲ್ಲಿ, ಅರ್ಧಕ್ಕಿಂತ ಹೆಚ್ಚು ಕೊಡಲು ಬಂದಾಗಲೂ ಬೇಡವೆಂದವರಿದ್ದರು. ದೊಡ್ಡ ಕೊಡುಗೆಯನ್ನು ಸ್ವೀಕರಿಸುವುದೆಂದರೆ ಕೊಟ್ಟವನಿಗೆ ಕೆಳಗಾಗುವುದು ಎಂಬುದು ಆ ಸಮಾಜಗಳ ತಿಳಿವಳಿಕೆ.

ಹೀಗಿರುವಾಗ, ಲಾಮಲೆರಾದ ವಿಧವೆಯ ಮನೆಗೆ ಬಂದ ತುಂಡನ್ನು ನೋಡಿ. ಅದನ್ನು ಆಕೆ ತಲೆ ತಗ್ಗಿಸಿ ತೆಗೆದುಕೊಳ್ಳುವುದಿಲ್ಲ. ಅದು ರೂಢಿ ಆಕೆಗೆ ಸಲ್ಲಿಸಿದ ಪಾಲು. ಹಳೆಯ ಒಡಂಬಡಿಕೆಯ ನಿಯಮಶಾಸ್ತ್ರವೂ ಹೀಗೆಯೇ ಅಲ್ಲವೇ? ಹೊಲದ ಅಂಚಿನ ಪೈರನ್ನು ಬಡವರಿಗೆ ದಾನ ಮಾಡಿರೆಂದು ಅದು ಹೇಳಲಿಲ್ಲ. ಅದನ್ನು ಕೊಯ್ಯಲೇಕೂಡದೆಂದು ವಿಧಿಸಿತು. ರೂತಳು ಬೋವಜನ ಹೊಲದಲ್ಲಿ ಹಕ್ಕಲಾಯ್ದದ್ದು ಆ ವಿಧಿಯ ನೆರಳಿನಲ್ಲಿ. ಬೋವಜನ ದೊಡ್ಡತನ ಅದಕ್ಕಿಂತ ಒಂದಿಷ್ಟು ಹೆಚ್ಚು ಮಾಡಿದ್ದರಲ್ಲಿದೆ: ಸಿವುಡುಗಳಿಂದಲೂ ಕೆಲವು ತೆನೆಗಳನ್ನು ಬೇಕೆಂದೇ ಬೀಳಿಸಲು ಆಳುಗಳಿಗೆ ಹೇಳಿದನಲ್ಲ, ಅದರಲ್ಲಿ. ಆ ವಿಧಿಯೇ ಇಲ್ಲದಿದ್ದರೆ ಹೊಲಕ್ಕೆ ಕಾಲಿಡಲು ಆಕೆ ಬೋವಜನ ಒಳ್ಳೆಯತನವನ್ನೇ ಬೇಡಬೇಕಾಗುತ್ತಿತ್ತು.

ಇಷ್ಟಾದರೂ ಒಂದು ಜೀವವನ್ನು ಲೆಕ್ಕದಿಂದ ಬಿಟ್ಟಂತಾಯಿತು. ತಿಮಿಂಗಿಲಕ್ಕೆ ಪಾಲೆಲ್ಲಿ? ಮರಿಗೆ ಹಾಲೂಡುವ, ಬಳಗ ಕಟ್ಟಿಕೊಂಡು ಬದುಕುವ ಪ್ರಾಣಿಯದು. ಅದರ ಸಾವು ನಿಧಾನದ, ನೋವಿನ ಸಾವು. ಸ್ಪರ್ಮ್ ತಿಮಿಂಗಿಲ ಅಪಾಯದಂಚಿನಲ್ಲಿರುವ ಜೀವಿಗಳ ಪಟ್ಟಿಯಲ್ಲಿದೆ. ಅದನ್ನು ಆ ಸ್ಥಿತಿಗೆ ತಂದದ್ದು ಲಾಮಲೆರಾದ ಈಟಿಯಲ್ಲ, ಎಣ್ಣೆಗಾಗಿ ಲಕ್ಷಗಟ್ಟಲೆ ಕೊಂದ ಕೈಗಾರಿಕಾ ಹಡಗುಗಳು ಎಂಬುದು ನಿಜ. ಬಲೀನ್ ಜಾತಿಯ ತಿಮಿಂಗಿಲವೊಂದು ತಮ್ಮ ಪೂರ್ವಿಕರನ್ನು ಕಾಪಾಡಿತೆಂಬ ಐತಿಹ್ಯದಿಂದ ಲಾಮಲೆರಾದವರು ಆ ಜಾತಿಯನ್ನು ಮುಟ್ಟುವುದಿಲ್ಲವೆಂಬುದೂ ನಿಜ. ಆದರೂ ಮಾಂಸವನ್ನು ನ್ಯಾಯವಾಗಿ ಹಂಚಿದ ಮಾತ್ರಕ್ಕೆ ಕೊಂದದ್ದರ ಪ್ರಶ್ನೆ ತೀರುವುದಿಲ್ಲ. ಪೇಟೆಯಲ್ಲಿ ಕಡಿದು ತೂಗಿಟ್ಟ ಮಾಂಸವನ್ನು ಚೀಲಕ್ಕೆ ಹಾಕಿಕೊಂಡು ಬರುವ ನಾನು ಈ ವಿಷಯದಲ್ಲಿ ಅವರಿಗೆ ಬುದ್ಧಿ ಹೇಳಲು ಹಿಂಜರಿಯುತ್ತೇನೆ. ಅಷ್ಟನ್ನು ಒಪ್ಪಿಕೊಳ್ಳುವುದು ಪ್ರಾಮಾಣಿಕತೆ.

ಸಂಶಯವಾದಿಗೆ ನಿಜವಾದ ಉತ್ತರ ಈಗಷ್ಟೇ ಬರೆಯಲ್ಪಡುತ್ತಿದೆ. ಎಪ್ಪತ್ತರ ದಶಕದಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯು ಬೇಟೆಯನ್ನು ಆಧುನಿಕಗೊಳಿಸಲು ನಾರ್ವೆಯ ಪರಿಣತರೊಬ್ಬರನ್ನು ಕಳುಹಿಸಿತು. ಕೆಲವೇ ವರ್ಷಗಳಲ್ಲಿ ಆ ಪ್ರಯತ್ನ ನಿಂತುಹೋಯಿತು. ಆದರೆ ಅನಂತರ ಬಂದ ಮೋಟಾರೂ ನೈಲಾನ್ ಬಲೆಯೂ ನಿಲ್ಲಲಿಲ್ಲ. ಬಲೆಯಿದ್ದರೆ ಇಬ್ಬರು ಮೂವರೇ ರಾತ್ರಿ ಹೋಗಿ ಮೀನು ತರಬಹುದು. ಮೀನು ಬಲೆಯೊಡೆಯನದು, ಅದನ್ನು ಕಾಸಿಗೆ ಮಾರಬಹುದು. ಕಮ್ಮಾರನ ಪಾಲು, ಹಾಯಿಗಾರನ ಪಾಲು, ನೆಲದ ವಂಶದ ಪಾಲು ಇವಾವುವೂ ಬಲೆಗೆ ಅಂಟಿಕೊಂಡಿಲ್ಲ. ಮಕ್ಕಳನ್ನು ಓದಿಸಬೇಕಾದ ತಂದೆಗೆ ಬಲೆ ಬೇಡವೆನ್ನಲು ನಮಗೇನು ಹಕ್ಕಿದೆ? ಅವಶ್ಯಕತೆ ಸಡಿಲವಾದ ಆ ರಾತ್ರಿಗಳ ಮರುದಿನ ವಿಧವೆಯ ಮನೆಗೆ ಏನು ಹೋಗುತ್ತದೆ ಎಂಬುದೇ ಪರೀಕ್ಷೆ.

ನಾವು ಈ ಪರೀಕ್ಷೆಯನ್ನು ಬಹಳ ಹಿಂದೆಯೇ ಬರೆದು ಮುಗಿಸಿದವರು. ಫ್ರಿಜ್ಜು ಬರುವ ಮೊದಲು ಹಬ್ಬದ ದಿನದ ಸಾರು ಬಟ್ಟಲುಗಳಲ್ಲಿ ನೆರೆಮನೆಗಳಿಗೆ ಹೋಗುತ್ತಿತ್ತು, ಉಳಿದರೆ ಹಳಸುತ್ತದೆ ಎಂಬುದೂ ಅದಕ್ಕೊಂದು ಕಾರಣ. ಫ್ರಿಜ್ಜು ಬಂದಿತು, ಬಟ್ಟಲು ನಿಂತಿತು. ಅಂದು ಕೊಟ್ಟವರು ಬರೀ ಲೆಕ್ಕಾಚಾರದಿಂದ ಕೊಟ್ಟರೆಂದು ನನಗನಿಸುವುದಿಲ್ಲ. ಹಳಸುವ ಭಯ ಬಟ್ಟಲನ್ನು ಕೈಗೆತ್ತಿಕೊಳ್ಳುವಂತೆ ಮಾಡಿತು; ಬಟ್ಟಲು ಹಿಡಿದು ಹೋದ ಮಗು ನೆರೆಮನೆಯ ಅಜ್ಜಿಯ ಕಾಯಿಲೆಯ ಸುದ್ದಿಯನ್ನು ತಂದಿತು; ಮರುದಿನ ತಾಯಿ ಬಟ್ಟಲಿಲ್ಲದೆಯೂ ಹೋದಳು.

ಮತ್ತೆ ಆ ಸಿಗರೇಟಿನ ಪೊಟ್ಟಣಗಳಿಗೆ ಬರುತ್ತೇನೆ. ನಿಮ್ಮ ಮುಂದೆ ಹತ್ತು ಇವೆ ಎಂದುಕೊಳ್ಳಿ. ಐದನ್ನು ಆಚೆಗೆ ಸರಿಸುವುದು ಲೆಕ್ಕಕ್ಕೂ ಒಪ್ಪುತ್ತದೆ, ನ್ಯಾಯಕ್ಕೂ ಒಪ್ಪುತ್ತದೆ. ಲಾಮಲೆರಾದ ಹೆಚ್ಚಿನವರು ಮಾಡಿದ್ದೂ ಅದನ್ನೇ. ಆದರೆ ಕೆಲವರು ಆರನೆಯದನ್ನೂ ಸರಿಸಿದರು. ಯಾವ ದೋಣಿಯೂ, ಯಾವ ತಿಮಿಂಗಿಲವೂ ಅಲ್ಲಿರಲಿಲ್ಲ. ಯಾರು ಕೊಟ್ಟರೆಂಬುದು ಪಡೆದವನಿಗೆ ತಿಳಿಯುವಂತೆಯೂ ಇರಲಿಲ್ಲ.