ಒಪ್ಪಿಕೊಂಡ ಮಾತ್ರಕ್ಕೆ ಋಣ ತೀರುವುದೇ?

ಕುಡಿತದಿಂದ ಬಿಡುಗಡೆ ಬಯಸುವವರು ವರ್ತುಲವಾಗಿ ಕುಳಿತು ತಮ್ಮ ಪತನದ ಕಥೆಯನ್ನು ಸರದಿಯಂತೆ ಹೇಳಿಕೊಳ್ಳುವುದು ವ್ಯಸನಮುಕ್ತಿಯ ಕಾರ್ಯದಲ್ಲಿ ರೂಢವಾದ ಕ್ರಮ. ಒಬ್ಬನು ಮಾತನಾಡುವಾಗ ಉಳಿದವರು ನಡುವೆ ಬಾಯಿ ಹಾಕರು. ಕೇಳಿದ್ದನ್ನು ಹೊರಗೆ ಒಯ್ಯರು. ಈ ಕ್ರಮದ ಪ್ರಯೋಜನವನ್ನು ವೈದ್ಯರು ವಿವರಿಸಬಲ್ಲರು. ಆದರೆ ಇದರಲ್ಲಿ ಒಂದು ನೈತಿಕ ಪ್ರಶ್ನೆಯೂ ಅಡಗಿದೆ: ಗುಂಪಿನ ಮುಂದೆ ತಪ್ಪನ್ನು ಒಪ್ಪಿಕೊಂಡವನು, ಆ ತಪ್ಪಿನಿಂದ ನೊಂದವರ ಋಣದಿಂದಲೂ ಮುಕ್ತನಾಗುವನೇ?

1935ರಲ್ಲಿ ಅಮೆರಿಕದ ಓಹಾಯೋ ರಾಜ್ಯದ ಆ್ಯಕ್ರನ್ ನಗರದಲ್ಲಿ ಬಿಲ್ ವಿಲ್ಸನ್ ಎಂಬ ಷೇರು ವ್ಯವಹಾರಸ್ಥನೂ ರಾಬರ್ಟ್ ಸ್ಮಿತ್ ಎಂಬ ವೈದ್ಯನೂ ಭೇಟಿಯಾದರು. ಇಬ್ಬರೂ ಕುಡಿತಕ್ಕೆ ದಾಸರಾಗಿದ್ದವರು. ಆ ಭೇಟಿಯಿಂದ ಹುಟ್ಟಿದ್ದು 'ಆಲ್ಕೊಹಾಲಿಕ್ಸ್ ಅನಾನಿಮಸ್'. ಬಿದ್ದವನ ಮಾತನ್ನು ಬಿದ್ದು ಎದ್ದವನೇ ನಿಜವಾಗಿ ಕೇಳಬಲ್ಲನೆಂಬುದು ಅದರ ತಳಹದಿ. ಅಲ್ಲಿ ಮೇಲೆ ಕುಳಿತು ತೀರ್ಪು ನೀಡುವವರಿಲ್ಲ. ಆದುದರಿಂದಲೇ ಸುಳ್ಳು ಹೇಳಬೇಕಾದ ಅಗತ್ಯವೂ ಕಡಿಮೆ.

ಶ್ರಾವಕಾಚಾರ ಗ್ರಂಥಗಳು ಸಮ್ಯಗ್ದರ್ಶನದ ಅಂಗಗಳಲ್ಲಿ ಉಪಗೂಹನವನ್ನೂ ಸ್ಥಿತಿಕರಣವನ್ನೂ ಹೇಳುತ್ತವೆ. ಪರರ ದೋಷವನ್ನು ಬಯಲಿಗೆಳೆಯದಿರುವುದು ಒಂದು. ಜಾರುತ್ತಿರುವವನನ್ನು ಹಿಡಿದು ನಿಲ್ಲಿಸುವುದು ಇನ್ನೊಂದು. ಇವೆರಡೂ ಒಂದೆಡೆ ಕೂಡುವುದು ಸುಲಭವಲ್ಲ. ಬರಿಯ ಮುಚ್ಚುವಿಕೆ ಚಟವನ್ನು ಬೆಳೆಸುತ್ತದೆ. ಬರಿಯ ಬಯಲು ಮಾನವನ್ನು ಕೊಲ್ಲುತ್ತದೆ. ಗುಟ್ಟು ಕಾಯುವ ವರ್ತುಲದಲ್ಲಿ ದೋಷವು ಹೇಳಲ್ಪಡುತ್ತದೆ, ಆದರೆ ಸಾರಲ್ಪಡುವುದಿಲ್ಲ.

ಇಷ್ಟಾದರೂ ಋಣದ ಪ್ರಶ್ನೆ ಉಳಿಯುತ್ತದೆ. ತಾಳಿಯನ್ನು ಅಡವಿಟ್ಟು ಕುಡಿದವನು ಅದನ್ನು ಗುಂಪಿನಲ್ಲಿ ಹೇಳಿ ಕಣ್ಣೀರಿಟ್ಟಾಗ ಕೇಳುವವರು ಮರುಗುತ್ತಾರೆ. ಆದರೆ ಅವರು ಕಳೆದುಕೊಂಡದ್ದು ಏನೂ ಇಲ್ಲ. ಕಳೆದುಕೊಂಡವಳು ಮನೆಯಲ್ಲಿದ್ದಾಳೆ. ಅವಳ ಪಾಲಿನ ಕ್ಷಮೆಯನ್ನು ಕೊಡುವ ಅಧಿಕಾರ ಆ ಸಭೆಗೆ ಇಲ್ಲ.

1939ರಲ್ಲಿ ಪ್ರಕಟವಾದ ಹನ್ನೆರಡು ಮೆಟ್ಟಿಲುಗಳು ಇದನ್ನು ಅರಿತಂತಿವೆ. ತಪ್ಪಿನ ಒಪ್ಪಿಗೆ ಐದನೆಯದು. ತನ್ನಿಂದ ನೊಂದವರ ಪಟ್ಟಿ ಮಾಡುವುದು ಎಂಟನೆಯದು. ಅವರಿಗಾದ ಹಾನಿಯನ್ನು ನೇರವಾಗಿ ಸರಿಪಡಿಸುವುದು ಒಂಬತ್ತನೆಯದು. ಆದರೆ ಅದರಿಂದ ಅವರಿಗೋ ಇತರರಿಗೋ ಮತ್ತೆ ನೋವಾಗುವುದಾದರೆ ಕೂಡದು. ತನ್ನ ಎದೆಯನ್ನು ಹಗುರಮಾಡಿಕೊಳ್ಳಲು ಇನ್ನೊಬ್ಬರ ಎದೆಯ ಮೇಲೆ ಭಾರ ಹೇರುವುದು ಪ್ರಾಯಶ್ಚಿತ್ತವಲ್ಲ, ಅದೂ ಒಂದು ಬಗೆಯ ಹಿಂಸೆ.

ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಹಾಗೂ ಜನಜಾಗೃತಿ ವೇದಿಕೆಯ ಆಶ್ರಯದಲ್ಲಿ ನಡೆಯುವ ಮದ್ಯವರ್ಜನ ಶಿಬಿರಗಳಲ್ಲಿ ಕುಟುಂಬದವರನ್ನೂ ಒಳಗೊಳ್ಳುವುದು ಈ ದೃಷ್ಟಿಯಿಂದ ಅರ್ಥಪೂರ್ಣ. ಶಿಬಿರ ಮುಗಿದ ಮೇಲೆ ನವಜೀವನ ಸಮಿತಿಗಳು ಜೊತೆಗಿರುತ್ತವೆ. ಋಣ ತೀರುವುದು ದಿನನಿತ್ಯದ ನಡತೆಯಿಂದ. ಅದಕ್ಕೆ ಕಾಲ ಬೇಕು, ಸಂಗಡಿಗರು ಬೇಕು.

ಆಗತಾನೆ ಎದ್ದು ನಿಂತವನ ಮೇಲೆ ಎಲ್ಲ ಬಾಕಿಯನ್ನೂ ಒಮ್ಮೆಗೇ ಹೇರಿದರೆ ಅವನು ಮತ್ತೆ ಸೀಸೆಯನ್ನೇ ಹುಡುಕುವನು ಎಂಬ ಆಕ್ಷೇಪ ಸಹಜ. ಅದರಲ್ಲಿ ಹುರುಳೂ ಇದೆ. ಆದರೆ ಗಡುವು ಕೊಡುವುದು ಬೇರೆ, ಸಾಲವನ್ನು ಅಳಿಸಿಹಾಕುವುದು ಬೇರೆ. ಗುಂಪು ಅವನಿಗೆ ಕೊಡಬಲ್ಲದ್ದು ಗಡುವು ಮತ್ತು ನಿಲ್ಲುವ ಬಲ. ಆ ಬಲದಿಂದ ಅವನು ಮನೆಯ ಬಾಗಿಲಿಗೆ ಹೋಗಬೇಕು. ಅಲ್ಲಿ ಕ್ಷಮೆ ದೊರೆಯದಿದ್ದರೂ ನೆಟ್ಟಗೆ ಬಾಳುವುದನ್ನು ಬಿಡಬಾರದು. ಕ್ಷಮಿಸುವುದೂ ಬಿಡುವುದೂ ನೊಂದವರ ಸ್ವಾತಂತ್ರ್ಯ. ತೀರಿಸುವುದು ಅವನ ಕರ್ತವ್ಯ.