ಶಕ್ತಿತಸ್ತಪ: ಕರುಳಿನ ರೋಗವುಳ್ಳವರ ವ್ರತಾಚರಣೆ



ಕೆಲವು ವರ್ಷಗಳ ಹಿಂದೆ ನಮ್ಮ ಪರಿಚಯದ ಶ್ರಾವಿಕೆಯೊಬ್ಬರು ದಶಲಕ್ಷಣ ಪರ್ವದಲ್ಲಿ, ಭಾದ್ರಪದ ಶುಕ್ಲ ಪಂಚಮಿಯಿಂದ ಚತುರ್ದಶಿಯವರೆಗೆ, ಹತ್ತು ದಿನಗಳ ಉಪವಾಸವನ್ನು ಸಂಕಲ್ಪಿಸಿದರು. ಬಹುಕಾಲದಿಂದ ಅವರಿಗೆ ಕರುಳಿನ ಬಾಧೆ ಇದ್ದಿತು. ಹೊಟ್ಟೆ ನುಲಿಯುವುದು, ಉಬ್ಬರ, ಕೆಲದಿನ ಭೇದಿ, ಕೆಲದಿನ ಮಲಬದ್ಧತೆ. ವೈದ್ಯರು ಕೊಟ್ಟ ಗುಳಿಗೆಯನ್ನು ವ್ರತಕ್ಕೆ ಕಳಂಕವೆಂದು ಬಗೆದು ನಿಲ್ಲಿಸಿದರು. ಬಾಧೆಯನ್ನು ಮನೆಯವರಿಂದ ಮರೆಮಾಚಿದರು. ಆರನೆಯ ದಿನ ಬಸದಿಯ ಮೆಟ್ಟಿಲ ಬಳಿ ಕುಸಿದುಬಿದ್ದರು. ಆಸ್ಪತ್ರೆಯಲ್ಲಿ ನರದ ಮೂಲಕ ಲವಣಜಲ ಕೊಟ್ಟು ಉಳಿಸಿಕೊಂಡರು. ದೇಹ ಮೂರು ದಿನದಲ್ಲಿ ಚೇತರಿಸಿತು, ಮನಸ್ಸು ಚೇತರಿಸಲಿಲ್ಲ. "ನನ್ನ ವ್ರತ ಭಂಗವಾಯಿತು, ಯಾವ ಮುಖದಿಂದ ಬಸದಿಗೆ ಹೋಗಲಿ?" ಎಂದು ಅತ್ತರು. ಅವರ ಅತ್ತೆಯವರ ಮಾತು ಇನ್ನೂ ಕಠಿನ: "ಎಲ್ಲ ಪರೀಕ್ಷೆ ಮಾಡಿ ಏನೂ ಇಲ್ಲವೆಂದರಲ್ಲ, ಮತ್ತೆಲ್ಲಿಯ ರೋಗ?"

ಈ ಎರಡು ಮಾತುಗಳಿಗೂ ಉತ್ತರ ಹೇಳುವುದು ಅಗತ್ಯವೆನಿಸಿದುದರಿಂದ ಈ ವಿಷಯವನ್ನು ಎತ್ತಿಕೊಂಡಿದ್ದೇನೆ.

ಮೊದಲು ಅತ್ತೆಯವರ ಮಾತು. ಆಧುನಿಕ ವೈದ್ಯರು ಇರಿಟೆಬಲ್ ಬವೆಲ್ ಸಿಂಡ್ರೋಮ್ ಎಂದು ಕರೆಯುವ ಈ ವ್ಯಾಧಿಯಲ್ಲಿ ಕರುಳಿನೊಳಗೆ ಹುಣ್ಣಾಗಲಿ ಗೆಡ್ಡೆಯಾಗಲಿ ಕಾಣುವುದಿಲ್ಲ. ಕರುಳಿಗೂ ಮಿದುಳಿಗೂ ನಡುವಣ ನರಗಳ ವ್ಯವಹಾರವೇ ಕದಡಿರುತ್ತದೆ. ಇತರರಿಗೆ ಅರಿವಿಗೇ ಬಾರದ ವಾಯು, ಮಲದ ಚಲನೆ ಇವರಿಗೆ ನೋವಾಗಿ ತೋರುತ್ತದೆ. 2016ರಲ್ಲಿ ಪ್ರಕಟವಾದ ರೋಮ್ ನಿಯಮಗಳ ಪ್ರಕಾರ, ಲಕ್ಷಣಗಳು ತೋರಿ ಆರು ತಿಂಗಳಾದರೂ ಆಗಿದ್ದು, ಕಳೆದ ಮೂರು ತಿಂಗಳಲ್ಲಿ ಸರಾಸರಿ ವಾರಕ್ಕೊಂದು ದಿನವಾದರೂ ಹೊಟ್ಟೆನೋವಿದ್ದು, ಅದು ಮಲವಿಸರ್ಜನೆಯೊಡನೆ ಅಥವಾ ಮಲದ ವೇಳೆ-ರೂಪಗಳ ಬದಲಾವಣೆಯೊಡನೆ ಹೊಂದಿಕೊಂಡಿರಬೇಕು. ಪರೀಕ್ಷೆಯಲ್ಲಿ ಏನೂ ಕಾಣದಿರುವುದು ರೋಗವಿಲ್ಲವೆಂಬುದಕ್ಕೆ ಪ್ರಮಾಣವಲ್ಲ. ಜೀವಕ್ಕೆ ಅಪಾಯವಿಲ್ಲದ, ಆದರೆ ವರ್ಷಗಟ್ಟಲೆ ಬೆನ್ನುಬಿಡದ ರೋಗವಿದು. ಮನೆಯವರೇ ಅದನ್ನು ನೆಪವೆಂದರೆ ರೋಗಿಗೆ ಅದಕ್ಕಿಂತ ದೊಡ್ಡ ಉಪಸರ್ಗ ಬೇರೊಂದಿಲ್ಲ. ವೈಯಾವೃತ್ತ್ಯವನ್ನು ನಮ್ಮ ಆಚಾರ್ಯರು ಅಂತರಂಗ ತಪಸ್ಸಿನಲ್ಲಿ ಎಣಿಸಿದ್ದಾರೆ. ಕಾಣದ ನೋವನ್ನು ನಂಬುವುದೂ ಅದರೊಳಗೇ ಸೇರುತ್ತದೆಂದು ನಾನು ತಿಳಿಯುತ್ತೇನೆ.

ಇನ್ನು ಆ ತಾಯಿಯ ಕಣ್ಣೀರಿನ ಪ್ರಶ್ನೆ. ಇದಕ್ಕೆ ಉತ್ತರವಾಗಿ ಸ್ವಾಮಿ ಸಮಂತಭದ್ರರ ಕಥೆಯನ್ನು ನೆನೆಯಬೇಕು. ದೇವಚಂದ್ರನ 'ರಾಜಾವಳಿಕಥೆ'ಯಲ್ಲಿ ಅದು ಬರುತ್ತದೆ. ಮುನಿಗಳಾಗಿದ್ದ ಸಮಂತಭದ್ರರಿಗೆ ಭಸ್ಮಕವೆಂಬ ಉದರವ್ಯಾಧಿ ತಗುಲಿತು. ಉಂಡುದೆಲ್ಲ ಬೂದಿಯಾಗುವ ಹಸಿವು. ಮುನಿಚರ್ಯೆಯಲ್ಲಿ ಅದನ್ನು ತಣಿಸುವ ಬಗೆಯಿಲ್ಲ. ಅವರು ಗುರುಗಳ ಬಳಿಗೆ ಹೋಗಿ ಸಲ್ಲೇಖನವನ್ನು ಬೇಡಿದರು. ಗುರುಗಳು ಒಪ್ಪಲಿಲ್ಲ. ನಿನ್ನಿಂದ ಧರ್ಮಕ್ಕೆ ಆಗಬೇಕಾದ ಕಾರ್ಯವಿದೆ, ದೀಕ್ಷೆಯನ್ನು ಬಿಟ್ಟು ಹೋಗಿ ರೋಗವನ್ನು ಗುಣಪಡಿಸಿಕೊ, ಆಮೇಲೆ ಮತ್ತೆ ದೀಕ್ಷೆ ಪಡೆ ಎಂದರು. ಮಹಾವ್ರತಿಯೊಬ್ಬರಿಗೆ ಎಷ್ಟು ಕಠಿನವಾದ ಆಜ್ಞೆ! ಆದರೂ ಅವರು ಪಾಲಿಸಿದರು. ದೇವಾಲಯವೊಂದರ ನೈವೇದ್ಯದಿಂದ ಹಸಿವು ತಣಿಯಿತು, ರೋಗ ಹೋಯಿತು, ಮತ್ತೆ ಮುನಿಗಳಾದರು. ಅದೇ ಸಮಂತಭದ್ರರ ರತ್ನಕರಂಡಕ ಶ್ರಾವಕಾಚಾರವು ಸಲ್ಲೇಖನವನ್ನು ಹೇಳುವಾಗ ಪ್ರತೀಕಾರವಿಲ್ಲದ ರೋಗಕ್ಕೆ ಮಾತ್ರ ಅದನ್ನು ಹೇಳುತ್ತದೆ ಎಂಬುದನ್ನು ಗಮನಿಸಬೇಕು. ಕರುಳಿನ ಈ ವ್ಯಾಧಿಗೆ ಪ್ರತೀಕಾರವುಂಟು. ಉಂಟೆಂದ ಮೇಲೆ ಅದನ್ನು ಮಾಡದೆ ಬಿಡುವುದು ತಪಸ್ಸೆನ್ನಿಸಿಕೊಳ್ಳದು.

ಷೋಡಶಕಾರಣ ಭಾವನೆಗಳಲ್ಲಿ 'ಶಕ್ತಿತಸ್ತಪ' ಎಂಬುದೊಂದು. ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಇದನ್ನು ವಿವರಿಸುತ್ತ, ಇರುವ ಶಕ್ತಿಯನ್ನು ಬಚ್ಚಿಡದೆ, ಮಾರ್ಗಕ್ಕೆ ವಿರೋಧ ಬಾರದಂತೆ ಮಾಡುವುದು ತಪವೆಂಬ ಅರ್ಥವನ್ನು ಕೊಡುತ್ತಾರೆ. ಇದರಲ್ಲಿ ಎರಡು ಅಲಗುಗಳಿವೆ. ರೋಗವನ್ನು ನೆಪಮಾಡಿ ಶಕ್ತಿ ಬಚ್ಚಿಡುವವರಿಗೆ ಒಂದು. ಇಲ್ಲದ ಶಕ್ತಿಯನ್ನು ತೋರಿಸಹೊರಟವರಿಗೆ ಇನ್ನೊಂದು. ಅದೇ ಪೂಜ್ಯಪಾದರ ಹೆಸರಿನ ವೈದ್ಯಗ್ರಂಥವನ್ನು ಜಗದ್ದಳ ಸೋಮನಾಥನು 'ಕರ್ಣಾಟಕ ಕಲ್ಯಾಣಕಾರಕ'ವಾಗಿ ಕನ್ನಡಕ್ಕೆ ತಂದನು. ಔಷಧವೂ ವ್ರತವೂ ನಮ್ಮ ಪರಂಪರೆಯಲ್ಲಿ ಒಂದೇ ಮನೆಯಲ್ಲಿ ಬೆಳೆದವು.

ಹಾಗಾದರೆ ಇಂಥವರು ಯಾವ ತಪವನ್ನು ಮಾಡಬೇಕು? ಬಾಹ್ಯ ತಪಸ್ಸು ಆರು ಬಗೆ. ಅನಶನವು ಅವುಗಳಲ್ಲಿ ಒಂದು ಮಾತ್ರ. ನಾವೋ ಅದೊಂದನ್ನೇ ತಪವೆಂದು ಎಣಿಸಿ ಮಿಕ್ಕವನ್ನು ಮರೆತಿದ್ದೇವೆ. ಎರಡನೆಯದಾದ ಅವಮೌದರ್ಯ, ಎಂದರೆ ಹೊಟ್ಟೆ ತುಂಬುವ ಮೊದಲೇ ಕೈ ತೊಳೆಯುವುದು, ಈ ರೋಗಕ್ಕೆ ವೈದ್ಯರು ಹೇಳುವ ಪಥ್ಯವೇ ಆಗಿದೆ. ಅವರ ಮಾತು: ಸ್ವಲ್ಪಸ್ವಲ್ಪವಾಗಿ, ನಿಯತಕಾಲದಲ್ಲಿ, ಊಟ ತಪ್ಪಿಸದೆ ಉಣ್ಣಿ. ಆದುದರಿಂದ ಏಕಾಶನದ ದಿನ ಒಂದೇ ಹೊತ್ತಿನಲ್ಲಿ ಎರಡು ಹೊತ್ತಿನದನ್ನು ತುಂಬುವುದು ಇವರಿಗೆ ಹಾನಿಕರ. ಹೊಟ್ಟೆ ಹಿಗ್ಗಿದೊಡನೆ ದೊಡ್ಡ ಕರುಳು ಸೆಳೆತಕ್ಕೊಳಗಾಗುತ್ತದೆ. ಪಾರಣೆಯ ದಿನದ ಹಾಲು, ಬೆಲ್ಲ, ಕರಿದ ತಿಂಡಿಗಳೂ ಹಾಗೆಯೇ. ರಾತ್ರಿಭೋಜನ ತ್ಯಾಗವಂತೂ ಇವರಿಗೆ ಒಗ್ಗಿಬರುವ ವ್ರತ.

ರಸಪರಿತ್ಯಾಗವನ್ನು ಕೊಂಚ ವಿಸ್ತರಿಸಿ ಹೇಳಬೇಕು. ಆಸ್ಟ್ರೇಲಿಯದ ಮೆಲ್ಬರ್ನ್‌ನಲ್ಲಿರುವ ಮೊನಾಷ್ ವಿಶ್ವವಿದ್ಯಾಲಯದ ಸಂಶೋಧಕರು 2005ರಿಂದೀಚೆಗೆ ಕಡಿಮೆ ಫಾಡ್‌ಮ್ಯಾಪ್ ಎಂಬ ಆಹಾರಕ್ರಮವನ್ನು ರೂಪಿಸಿದರು. ಕರುಳಿನಲ್ಲಿ ಸರಿಯಾಗಿ ಹೀರಲ್ಪಡದೆ ಹುಳಿತು ವಾಯುವಾಗುವ ಪದಾರ್ಥಗಳನ್ನು ನಾಲ್ಕರಿಂದ ಆರು ವಾರ ಬಿಟ್ಟು, ಅನಂತರ ಒಂದೊಂದಾಗಿ ಸೇರಿಸಿ ನೋಡುವುದು ಅದರ ಕ್ರಮ. ಬಿಡಬೇಕಾದವುಗಳಲ್ಲಿ ಮುಖ್ಯವಾದವು ಈರುಳ್ಳಿ, ಬೆಳ್ಳುಳ್ಳಿ! ನಮ್ಮ ಅಡುಗೆಮನೆಗಳಲ್ಲಿ ಅವುಗಳಿಗೆ ಎಂದಿನಿಂದಲೂ ಪ್ರವೇಶವಿಲ್ಲ. ಆದರೆ ಇಷ್ಟಕ್ಕೇ ಹಿಗ್ಗುವಂತಿಲ್ಲ. ಗೋಧಿ, ತೊಗರಿಬೇಳೆ, ಕಡಲೆಬೇಳೆ, ಹಾಲು, ಮಾವು, ಹಲಸಿನ ಹಣ್ಣು, ಜೇನು ಸಹ ಆ ಪಟ್ಟಿಯಲ್ಲಿವೆ. ಜೇನನ್ನು ನಾವು ಮುಟ್ಟುವುದಿಲ್ಲ. ಉಳಿದವು ನಮ್ಮ ನಿತ್ಯದ ಆಹಾರ. ಅಷ್ಟಮಿ-ಚತುರ್ದಶಿಗಳಲ್ಲಿ ಹಸುರು ತರಕಾರಿ ಬಿಟ್ಟು ಬೇಳೆಕಾಳುಗಳಿಂದಲೇ ಅಡುಗೆ ಮಾಡುವ ಮನೆಗಳಲ್ಲಿ ಪರ್ವದ ಮರುದಿನ ಹೊಟ್ಟೆ ಉಬ್ಬರಿಸುವುದೇಕೆಂಬುದು ಇದರಿಂದ ತಿಳಿಯುತ್ತದೆ. ಅಂಥ ದಿನ ಅನ್ನ, ತುಪ್ಪ, ಚೆನ್ನಾಗಿ ಬೆಂದ ಹೆಸರುಬೇಳೆಯ ತಿಳಿ ಸ್ವಲ್ಪವೇ ಸಾಕು. ಬೇರೆ ದಿನ ಬೀನ್ಸ್, ಬೆಂಡೆ, ಸೌತೆ ಬಹುಮಂದಿಗೆ ಒಗ್ಗುತ್ತವೆ. ಹಾಲನ್ನು ಆರು ವಾರ ಬಿಡಬೇಕಾದಲ್ಲಿ ಅದನ್ನು ರಸಪರಿತ್ಯಾಗದ ನಿಯಮವಾಗಿ ಏಕೆ ಸ್ವೀಕರಿಸಬಾರದು? ರೋಗಭಯದಿಂದ ಬಿಟ್ಟುದು ಪಥ್ಯ ಮಾತ್ರ, ಒಪ್ಪುತ್ತೇನೆ. ಆದರೆ ಸಂಕಲ್ಪಪೂರ್ವಕವಾಗಿ ಬಿಟ್ಟರೆ ಅದೇ ಹಾಲು ವ್ರತಕ್ಕೂ ಸಲ್ಲುತ್ತದೆ. ಅವಧಿಯುಳ್ಳದ್ದು ನಿಯಮ, ಯಾವಜ್ಜೀವದ್ದು ಯಮ. ರೋಗಿಗಳಿಗೆ ನಿಯಮವೇ ಲೇಸು. ವೈದ್ಯರಾಗಲಿ ಆಹಾರತಜ್ಞರಾಗಲಿ ನೋಡಿಕೊಳ್ಳದೆ ತಿಂಗಳುಗಟ್ಟಲೆ ಎಲ್ಲವನ್ನೂ ಬಿಟ್ಟು ಸೊರಗಬಾರದು.

ಔಷಧದ ವಿಷಯ. ಇಸಬ್ಗೋಲಿನ ಹೊಟ್ಟು ಹಲವರಿಗೆ ಹಿತ. ಗೋಧಿಯ ಹೊಟ್ಟು ಉಬ್ಬರವನ್ನು ಹೆಚ್ಚಿಸಬಹುದು. ಇಸಬ್ಗೋಲನ್ನು ಧಾರಾಳ ನೀರಿನೊಡನೆ ಸೇವಿಸಬೇಕಾದುದರಿಂದ ನಿರ್ಜಲ ಉಪವಾಸದ ದಿನ ಅದನ್ನು ತೆಗೆದುಕೊಳ್ಳಲೇಬಾರದು. ನೀರಿಲ್ಲದೆ ಅದು ಗಂಟಲಲ್ಲೋ ಕರುಳಲ್ಲೋ ಅಡ್ಡವಾದೀತು. ಸೆಳೆತಕ್ಕೆ ಮೆಬೆವೆರಿನ್ ಮುಂತಾದವು, ಭೇದಿಗೆ ಲೋಪೆರಮೈಡ್ ಇವೆ. ಇನ್ನೊಂದುಂಟು, ಅಮಿಟ್ರಿಪ್ಟಿಲಿನ್. ಇದು ಖಿನ್ನತೆಯ ಮದ್ದೆಂದು ಕೇಳಿದ ಕೂಡಲೇ ಮನೆಯವರು ಬೆಚ್ಚುತ್ತಾರೆ. 2023ರಲ್ಲಿ ಬ್ರಿಟನ್ನಿನಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ 463 ರೋಗಿಗಳಿಗೆ ದಿನಕ್ಕೆ 10ರಿಂದ 30 ಮಿಲಿಗ್ರಾಂನಷ್ಟು ಅಲ್ಪ ಪ್ರಮಾಣದಲ್ಲಿ ಅದನ್ನೋ ಹುಸಿಗುಳಿಗೆಯನ್ನೋ ಕೊಟ್ಟು ನೋಡಿದಾಗ, ಆರು ತಿಂಗಳಲ್ಲಿ ಮದ್ದು ಪಡೆದವರಿಗೇ ಹೆಚ್ಚು ಶಮನ ಕಂಡಿತು. ಅಲ್ಲಿ ಅದು ಕರುಳಿನ ನರಗಳಿಗಾಗಿ ಕೊಟ್ಟ ಮದ್ದು. ರಾತ್ರಿ ಸೇವಿಸಲು ಹೇಳುವ ಈ ಗುಳಿಗೆಯನ್ನು ಸೂರ್ಯಾಸ್ತಕ್ಕೆ ಮುಂಚೆ ಸೇವಿಸಬಹುದೇ ಎಂದು ವೈದ್ಯರನ್ನು ಸಂಕೋಚವಿಲ್ಲದೆ ಕೇಳಿ. ವ್ರತವಿದೆಯೆಂದು ತಿಳಿಸಿದರೆ ವೇಳೆಯನ್ನು ಹೊಂದಿಸುವ ವೈದ್ಯರಿದ್ದಾರೆ. ಕ್ಯಾಪ್ಸೂಲಿನ ಕವಚ ಬಹುವಾಗಿ ಪ್ರಾಣಿಜನ್ಯ ಜೆಲಟಿನ್ನಿನದು. ಮಾತ್ರೆಯ ರೂಪವನ್ನೋ ಸಸ್ಯಜನ್ಯ ಕವಚವನ್ನೋ ಕೇಳಿ ಪಡೆಯಬಹುದು.

ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ಜ್ವರ, ರಕ್ತಹೀನತೆ, ನಿದ್ರೆಯಿಂದ ಎಬ್ಬಿಸುವ ಭೇದಿ, ಐವತ್ತರ ಮೇಲೆ ಹೊಸದಾಗಿ ತೋರಿದ ಬಾಧೆ, ಇವು ಈ ರೋಗದ ಲಕ್ಷಣಗಳಲ್ಲ. ಪರ್ವ ಮುಗಿಯಲೆಂದು ಕಾಯದೆ ವೈದ್ಯರಲ್ಲಿಗೆ ಹೋಗಬೇಕು.

ಆ ಶ್ರಾವಿಕೆಯವರು ಕೊನೆಗೆ ಮಾತಾಜಿಯೊಬ್ಬರ ಬಳಿ ನಡೆದುದನ್ನೆಲ್ಲ ಹೇಳಿಕೊಂಡು ಪ್ರಾಯಶ್ಚಿತ್ತ ಬೇಡಿದರು. ಮಾತಾಜಿಯವರು ಉಪವಾಸ ಬಿಟ್ಟುದಕ್ಕೆ ಏನನ್ನೂ ವಿಧಿಸಲಿಲ್ಲ. ರೋಗವನ್ನು ಮರೆಮಾಚಿದುದಕ್ಕಾಗಿ ಒಂದು ತಿಂಗಳು ದಿನಾಲು ನೂರೆಂಟು ಣಮೋಕಾರ ಜಪವನ್ನು ಕೊಟ್ಟರು. ಮರುವರ್ಷದ ಪರ್ವದಲ್ಲಿ ಅವರ ನಿಯಮ ಇಷ್ಟು: ಹತ್ತು ದಿನ ಹಾಲು-ಬೆಲ್ಲ ತ್ಯಾಗ, ದಿನಕ್ಕೆ ಎರಡು ಅಲ್ಪಾಹಾರ, ಸೂರ್ಯಾಸ್ತಕ್ಕೆ ಮೊದಲು ಕುದಿಸಿದ ನೀರಿನೊಡನೆ ಗುಳಿಗೆ. ಚತುರ್ದಶಿಯ ಅಭಿಷೇಕಕ್ಕೆ ಅವರು ನಡೆದೇ ಬಂದರು. ಗುಳಿಗೆಯ ಡಬ್ಬಿ ಅತ್ತೆಯವರ ಕೈಯಲ್ಲಿದ್ದಿತು.