ಕೃಪೆಯ ಗುಡಿಸಲುಗಳು

ಓದತಕ್ಕ ಭಾಗ: ಆದಿಕಾಂಡ 4ನೆಯ ಅಧ್ಯಾಯ, 8ರಿಂದ 10ನೆಯ ವಚನಗಳು



ಕಾಯಿನನು ತನ್ನ ತಮ್ಮನನ್ನು ಹೊಲದಲ್ಲಿ ಕೊಂದು, ಯಾರೂ ಕಾಣಲಿಲ್ಲವೆಂದು ಎಣಿಸಿದನು. ಆದರೆ ಆ ಹೊಲದ ಮಣ್ಣೇ ದೇವರ ಮುಂದೆ ಸಾಕ್ಷಿಯಾಗಿ ನಿಂತಿತು. ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು, ದೂರದೇಶದ ಒಂದು ಚಿಕ್ಕ ಹಳ್ಳಿಯ ಚರಿತ್ರೆಯನ್ನು ಕೇಳಿರಿ.

ಅಮೇರಿಕದ ಮಧ್ಯಪಶ್ಚಿಮ ಸೀಮೆಯಲ್ಲಿ ಒಹಾಯೊ ಎಂಬ ಸಂಸ್ಥಾನವುಂಟು. ಅಲ್ಲಿ ಟಸ್ಕರಾವಸ್ ಹೊಳೆಯ ದಡದಲ್ಲಿ ಗ್ನಾಡೆನ್‌ಹಟ್ಟನ್ ಎಂಬ ಗ್ರಾಮವಿದೆ. ಅದರ ಜನಸಂಖ್ಯೆ 1,300ನ್ನೂ ಮುಟ್ಟದು. ಆ ಹೆಸರು ಜರ್ಮನ್ ಭಾಷೆಯದು. ಕೃಪೆಯ ಗುಡಿಸಲುಗಳು ಎಂದು ಅದರ ಅರ್ಥ.

1772ರಲ್ಲಿ ಈ ಊರು ಹುಟ್ಟಿತು. ಮೊರೇವಿಯನ್ ಸಭೆಯ ಮಿಶನೆರಿಯಾದ ಡೇವಿಡ್ ಝೈಸ್‌ಬರ್ಗರ್ ಎಂಬವರು ಆ ವರ್ಷ ಲೆನಾಪೆ ಜನರ ನಡುವೆ, ಅವರ ಮುಖಂಡರ ಕರೆಯ ಮೇರೆಗೆ, ಈ ಕಣಿವೆಗೆ ಬಂದು, ಮೊದಲು ಶೋನ್‌ಬ್ರುನ್ ಎಂಬ ಹಳ್ಳಿಯನ್ನು ಕಟ್ಟಿಸಿದರು. ಅದೇ ವರ್ಷ ಯೆಹೋಶುವನೆಂಬ ಮೊಹೀಕನ್ ಹಿರಿಯನು ತನ್ನವರನ್ನು ಕರೆತಂದು ಗ್ನಾಡೆನ್‌ಹಟ್ಟನ್ನಿನಲ್ಲಿ ನೆಲೆಸಿದನು. ಮರದ ದಿಮ್ಮಿಗಳ ಮನೆಗಳೂ ದೇವಾಲಯವೂ ಎದ್ದವು. ಗೋವಿನಜೋಳದ ಹೊಲಗಳು ಹಸುರಾದವು. ಝೈಸ್‌ಬರ್ಗರರು ಆ ಜನರ ಭಾಷೆಯನ್ನು ಕಲಿತು, ಅವರ ಮಕ್ಕಳಿಗೋಸ್ಕರ ಅಕ್ಷರಪುಸ್ತಕವನ್ನು ಬರೆದರು. ಅದು 1776ರಲ್ಲಿ ಅಚ್ಚಾಯಿತು. ಹೊಸ ವಿಶ್ವಾಸಿಗಳು ಯುದ್ಧಕ್ಕೆ ಆಯುಧ ಹಿಡಿಯುವದಿಲ್ಲವೆಂದು ನಿಶ್ಚಯಿಸಿಕೊಂಡಿದ್ದರು.

ಆದರೆ ಆ ಕಾಲವು ಯುದ್ಧದ ಕಾಲವಾಗಿತ್ತು. ಉತ್ತರದಲ್ಲಿ ಡೆಟ್ರಾಯಿಟಿನ ಕೋಟೆಯಲ್ಲಿ ಇಂಗ್ಲಿಷರು. ಪೂರ್ವದಲ್ಲಿ ಪಿಟ್ ಕೋಟೆಯಲ್ಲಿ ಅಮೇರಿಕದವರು. ನಡುವೆ ಈ ನಿರಾಯುಧ ಹಳ್ಳಿಗಳು. ಇವರು ಅವರಿಗೆ ಸೇರಿದವರೆಂದು ಎರಡು ಪಕ್ಷದವರೂ ಸಂಶಯಪಟ್ಟರು. 1781ರ ಸೆಪ್ಟೆಂಬರಿನಲ್ಲಿ ಇಂಗ್ಲಿಷರ ಪಕ್ಷದ ಯೋಧರು ಬಂದು, ಹೊಲದಲ್ಲಿ ಬೆಳೆ ನಿಂತಿರುವಾಗಲೇ ಸಭೆಯವರೆಲ್ಲರನ್ನೂ ಎಬ್ಬಿಸಿ, ಸಾಂಡಸ್ಕಿ ಹೊಳೆಯ ಕಡೆಗೆ ಅಟ್ಟಿಕೊಂಡು ಹೋದರು. ಅಲ್ಲಿ ಚಳಿಗಾಲವು ಹಸಿವೆಯಲ್ಲಿ ಕಳೆಯಿತು. ತಾಯಂದಿರು ಮಕ್ಕಳ ಮುಖ ನೋಡಿ, ಊರಲ್ಲಿ ಬಿಟ್ಟು ಬಂದ ತೆನೆಗಳನ್ನು ನೆನೆದಿರಬೇಕು. ಹೀಗಿರಲಾಗಿ, 1782ರ ಆರಂಭದಲ್ಲಿ ನೂರಕ್ಕೂ ಹೆಚ್ಚು ಮಂದಿ ತಮ್ಮ ಕಾಳನ್ನು ತಾವೇ ಕೂಡಿಸಿಕೊಳ್ಳುವದಕ್ಕೆ ಹಿಂತಿರುಗಿ ಬಂದರು.

ಅವರು ತೆನೆ ಮುರಿಯುತ್ತಿರುವಾಗ, ಮಾರ್ಚ್ ತಿಂಗಳ ಮೊದಲ ವಾರದಲ್ಲಿ ಪೆನ್ಸಿಲ್ವೇನಿಯದಿಂದ ಸುಮಾರು 160 ಮಂದಿಯ ದಂಡು ಬಂದಿತು. ಡೇವಿಡ್ ವಿಲಿಯಂಸನ್ ಅದರ ನಾಯಕನು. ಬಂದವರು ಸ್ನೇಹದ ಮಾತನ್ನಾಡಿ, ನಿಮ್ಮನ್ನು ಪಿಟ್ ಕೋಟೆಗೆ ಕರೆದೊಯ್ದು ಕಾಪಾಡುವೆವೆಂದರು. ಇವರು ನಂಬಿ ಬೇಟೆಯ ಕೋವಿಗಳನ್ನು ಒಪ್ಪಿಸಿದರು. ಆಗ ಮಾತು ತಿರುಗಿತು. ಆ ದಂಡಿನವರ ಕಡೆಯ ಮನೆಗಳು ಸುಡಲ್ಪಟ್ಟಿದ್ದವು, ಅವರ ಬಂಧುಗಳು ಕೊಲ್ಲಲ್ಪಟ್ಟಿದ್ದರು. ಆ ನೋವು ಸುಳ್ಳಲ್ಲ. ಆದರೆ ಅದನ್ನು ಮಾಡಿದವರು ಬೇರೆ. ಈ ಮನೆಗಳಲ್ಲಿ ಪಾತ್ರೆ, ಚಮಚ, ಕೊಡಲಿಗಳನ್ನು ಕಂಡು, ಇಂಥವು ಬಿಳಿಯರಿಗೆ ಮಾತ್ರ ಇರತಕ್ಕವು, ಇವರು ಕಳ್ಳರೇ ಎಂದು ತೀರ್ಮಾನಿಸಿಬಿಟ್ಟರು.

ಕೊಲ್ಲಬೇಕೋ ಬೇಡವೋ ಎಂದು ದಂಡಿನಲ್ಲಿ ಅಭಿಪ್ರಾಯ ಕೇಳಲಾಯಿತು. ಬೇಡವೆಂದು ಮುಂದೆ ಬಂದವರು ಇಪ್ಪತ್ತು ಮಂದಿಯೂ ಇಲ್ಲ. ಸೆರೆಯವರು ಸಿದ್ಧವಾಗುವದಕ್ಕೆ ಸಮಯ ಬೇಡಿಕೊಂಡು, ಆ ರಾತ್ರಿಯನ್ನು ಪ್ರಾರ್ಥನೆಯಲ್ಲಿಯೂ ಕೀರ್ತನೆಯಲ್ಲಿಯೂ ಕಳೆದರು. ಮಾರ್ಚ್ 8ರ ಬೆಳಿಗ್ಗೆ ಗಂಡಸರನ್ನು ಒಂದು ಮನೆಯಲ್ಲಿಯೂ ಹೆಂಗಸರನ್ನೂ ಮಕ್ಕಳನ್ನೂ ಇನ್ನೊಂದರಲ್ಲಿಯೂ ಕೊಂದರು. ಸತ್ತವರು 96 ಮಂದಿ. ಅವರಲ್ಲಿ 39 ಮಂದಿ ಮಕ್ಕಳು. ಇಬ್ಬರು ಹುಡುಗರು ತಪ್ಪಿಸಿಕೊಂಡರು: ಒಬ್ಬನು ನೆಲಹಲಗೆಯ ಕೆಳಗೆ ಅಡಗಿದ್ದನು, ಮತ್ತೊಬ್ಬನು ಗಾಯಪಟ್ಟು ಹೆಣಗಳ ನಡುವೆ ಕತ್ತಲಾಗುವ ತನಕ ಬಿದ್ದಿದ್ದನು. ಮನೆಗಳಿಗೆ ಬೆಂಕಿಯಿಟ್ಟರು. ಈ ಕೊಲೆಗೋಸ್ಕರ ಒಬ್ಬನಿಗೂ ಶಿಕ್ಷೆಯಾಗಲಿಲ್ಲ.

ಪ್ರಿಯರೇ, ಈ ಚರಿತ್ರೆಯಿಂದ ಮೂರು ಮಾತುಗಳನ್ನು ಕಲಿಯೋಣ.

ಒಂದನೆಯದು: ಹೆಸರು ಮನುಷ್ಯನನ್ನು ರಕ್ಷಿಸದು. ಸತ್ತವರು ಕ್ರೈಸ್ತರು, ಕೊಂದವರು ತಮ್ಮನ್ನು ಕ್ರೈಸ್ತರೆಂದೇ ಹೇಳಿಕೊಳ್ಳುವ ಜನರು. ನ್ಯಾಯವಿಚಾರಣೆಯ ದಿನದಲ್ಲಿ ಕರ್ತನು ಹೆಸರಿನ ಪಟ್ಟಿಯನ್ನಲ್ಲ, ಕೈಗಳನ್ನು ನೋಡುವನು.

ಎರಡನೆಯದು: ಒಬ್ಬನ ತಪ್ಪನ್ನು ಅವನ ಕುಲದ ಮೇಲೆಲ್ಲಾ ಹೊರಿಸುವದು ಕಾಯಿನನ ದಾರಿ. ಅದೇ ವರ್ಷ ಜೂನ್‌ನಲ್ಲಿ ಲೆನಾಪೆಯವರು ವಿಲಿಯಂ ಕ್ರಾಫರ್ಡ್ ಎಂಬ ಸೇನಾಪತಿಯನ್ನು ಹಿಡಿದು, ಈ ಕೊಲೆಗೆ ಪ್ರತಿಯಾಗಿ ಬೆಂಕಿಯಲ್ಲಿ ಸುಟ್ಟರು. ಅವನು ಮಾರ್ಚ್ 8ರಂದು ಗ್ನಾಡೆನ್‌ಹಟ್ಟನ್ನಿನಲ್ಲಿ ಇರಲೇ ಇಲ್ಲ. ಅಲ್ಲಿದ್ದ ವಿಲಿಯಂಸನನೋ ತಪ್ಪಿಸಿಕೊಂಡು ಹೋದನು. ಸೇಡು ಕುರುಡು, ಅದು ಹತ್ತಿರ ಸಿಕ್ಕಿದವನನ್ನು ಹಿಡಿಯುತ್ತದೆ.

ಮೂರನೆಯದು ನನ್ನನ್ನೇ ಹೆಚ್ಚಾಗಿ ಚುಚ್ಚುತ್ತದೆ. ಬೇಡವೆಂದು ಮುಂದೆ ಬಂದ ಆ ಕೆಲವರು ಏನು ಮಾಡಿದರು? ಈ ರಕ್ತದಲ್ಲಿ ತಮಗೆ ಪಾಲಿಲ್ಲವೆಂದು ದೇವರನ್ನು ಸಾಕ್ಷಿಯಾಗಿಟ್ಟು ದೂರ ಸರಿದರು. ಅವರ ಮನಸ್ಸಾಕ್ಷಿ ಸತ್ತಿರಲಿಲ್ಲ, ದೇವರಿಗೆ ಸ್ತೋತ್ರ. ಆದರೆ ಕೊಲೆ ನಿಲ್ಲಲಿಲ್ಲ. ಪಿಲಾತನೂ ಕೈ ತೊಳೆದುಕೊಂಡನಲ್ಲವೇ? ನಮ್ಮ ಓಣಿಯಲ್ಲಿ ಒಂದು ಬಡ ಮನೆಯ ಮೇಲೆ ಕಳವಿನ ಅಪವಾದ ಬಂದಾಗ, ಪಂಚರು ಕೂಡಿದಾಗ, ಅದು ಸುಳ್ಳೆಂದು ತಿಳಿದೂ ನಾವು ಬಾಯಿ ಮುಚ್ಚಿಕೊಂಡು ಹಿತ್ತಿಲ ಬಾಗಿಲಿನಿಂದ ಮನೆಗೆ ಹೋಗುವದುಂಟಷ್ಟೆ. ನಾನು ಸೇರಲಿಲ್ಲವೆಂಬ ಸಮಾಧಾನದಿಂದ ನಿದ್ದೆ ಮಾಡುತ್ತೇವೆ. ಸೇರದಿರುವದು ಒಳ್ಳೆಯದು, ಅಡ್ಡ ನಿಲ್ಲುವದು ಕರ್ತನ ಶಿಷ್ಯನ ಕೆಲಸ.

ಆ ಊರು ಮುಂದೆ ಏನಾಯಿತು? ಸುಟ್ಟ ಮನೆಗಳ ನಡುವೆ ಎಲುಬುಗಳು ಅನೇಕ ವರ್ಷ ಬಿದ್ದಿದ್ದವು. 1790ರ ದಶಕದ ಕೊನೆಯಲ್ಲಿ ಜಾನ್ ಹೆಕ್‌ವೆಲ್ಡರ್ ಎಂಬ ಮಿಶನೆರಿಯು ಅವುಗಳನ್ನು ಕೂಡಿಸಿ ಒಂದು ದಿಬ್ಬದ ಕೆಳಗೆ ಹೂಳಿಟ್ಟರು. ಝೈಸ್‌ಬರ್ಗರರು ಉಳಿದ ಸಭೆಯೊಂದಿಗೆ ಊರಿಂದೂರಿಗೆ ಅಲೆದು, 1798ರಲ್ಲಿ ಅದೇ ಕಣಿವೆಗೆ ಮರಳಿ, 1808ರಲ್ಲಿ ಅಲ್ಲಿಯೇ ನಿದ್ರೆಹೋದರು. 1824ರಲ್ಲಿ ಈಗಿನ ಗ್ರಾಮದ ನಿವೇಶನಗಳನ್ನು ಅಳೆದು ಗೊತ್ತುಮಾಡಿದರು. ಆದರೆ ಅಲ್ಲಿ ನೆಲೆಸಿದವರು ಬಿಳಿಯರು. ಲೆನಾಪೆಯವರ ಸಂತತಿಯು ಇಂದು ಓಕ್ಲಹೋಮ, ವಿಸ್ಕಾನ್ಸಿನ್, ಕೆನಡ ಸೀಮೆಗಳಲ್ಲಿ ಚದರಿ ಜೀವಿಸುತ್ತದೆ. 1872ರಲ್ಲಿ ಸತ್ತವರ ನೆನಪಿಗಾಗಿ ಅಲ್ಲಿ ಕಲ್ಲಿನ ಸ್ತಂಭವನ್ನು ನಿಲ್ಲಿಸಿದರು. ಕೊಲೆಯಾಗಿ ಅಷ್ಟರಲ್ಲಿ ತೊಂಬತ್ತು ವರ್ಷಗಳು ಕಳೆದಿದ್ದವು.

ಮನುಷ್ಯರು ಕಲ್ಲನ್ನು ನಿಲ್ಲಿಸುವದಕ್ಕೆ ತೊಂಬತ್ತು ವರ್ಷ ಬೇಕಾಯಿತು. ದೇವರ ಕಿವಿಗೆ ಆ ಕೂಗು ಅದೇ ಬೆಳಿಗ್ಗೆ ಮುಟ್ಟಿತು. ನಿಮ್ಮ ಊರಿನ ಮಣ್ಣು ನಿಮ್ಮ ವಿಷಯದಲ್ಲಿ ಆತನಿಗೆ ಏನು ಹೇಳುತ್ತದೆ? ಈ ರಾತ್ರಿ ದೀಪ ಆರಿಸುವ ಮುಂಚೆ ಮನೆಮಂದಿಯೆಲ್ಲಾ ಕೂತು ವಿಚಾರಿಸಿರಿ. ಯಾರ ವಿಷಯದಲ್ಲಾದರೂ ಸುಮ್ಮನಿದ್ದು ತಪ್ಪಿದ್ದರೆ, ನಾಳೆ ಅವರ ಬಾಗಿಲಿಗೆ ಹೋಗಿರಿ. ಸುರಿದ ರಕ್ತವನ್ನು ಮರೆಯದ ದೇವರು, ತಿರುಗಿಕೊಂಡ ಮನಸ್ಸನ್ನೂ ತಳ್ಳಿಬಿಡುವವನಲ್ಲ. ಆತನ ಕೃಪೆಯು ನಿಮ್ಮ ಗುಡಿಸಲುಗಳಲ್ಲಿ ನೆಲೆಸಲಿ. ಆಮೆನ್.